ತಿಂಗಳುಗಟ್ಟಲೆ ಕಾರು ನಿಲ್ಲಿಸುವ ಮುನ್ನ ಗಮನಿಸಬೇಕಾದ ಅಂಶಗಳು

ಓಡಿದಷ್ಟೂ ವಾಹನ ಸವೆಯುತ್ತದೆ ಎಂಬುದು ಎಲ್ಲರೂ ಬಲ್ಲ ಮಾತು. ಓಡದೆ ನಿಂತ ವಾಹನವೂ ಕೆಡುತ್ತದೆ ಎಂಬುದು ಬಹುಮಂದಿಗೆ ಅರಿವಾದದ್ದು 2020ರಲ್ಲಿ. ಆ ವರ್ಷದ ಮಾರ್ಚ್ 25ರಂದು ದೇಶಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಾಗ ಮನೆ ಮುಂದೆ ನಿಂತ ಕಾರುಗಳು ವಾರಗಟ್ಟಲೆ ಕದಲಲಿಲ್ಲ. ನಿರ್ಬಂಧ ಸಡಿಲಗೊಂಡ ಬಳಿಕ ಕೀಲಿ ತಿರುಗಿಸಿದವರಲ್ಲಿ ಅನೇಕರಿಗೆ ಕೇಳಿಸಿದ್ದು ಎಂಜಿನ್ನಿನ ಸದ್ದಲ್ಲ, ಸತ್ತ ಬ್ಯಾಟರಿಯ 'ಟಿಕ್ ಟಿಕ್' ಸಪ್ಪಳ ಮಾತ್ರ.

ಲಾಕ್‌ಡೌನ್ ಮುಗಿದರೂ ಸಮಸ್ಯೆ ಮುಗಿದಿಲ್ಲ. ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಇರುವ ಮಕ್ಕಳ ಬಳಿ ಐದಾರು ತಿಂಗಳು ಇದ್ದು ಬರಲು ಹೊರಡುವ ನಿವೃತ್ತ ದಂಪತಿಗಳು, ಹೊರದೇಶದ ಯೋಜನೆಗೆ ನಿಯೋಜನೆಗೊಳ್ಳುವ ತಂತ್ರಜ್ಞರು, ಹಡಗಿನ ಉದ್ಯೋಗದಲ್ಲಿರುವ ಕರಾವಳಿಯ ಯುವಕರು ಇಂದಿಗೂ ಕಾರಿಗೆ ಹೊದಿಕೆ ಹಾಕಿ ಬೀಗದ ಕೈ ಕಪಾಟಿನಲ್ಲಿಟ್ಟು ಹೊರಟುಬಿಡುತ್ತಾರೆ. ಹೊರಡುವ ಮುನ್ನ ಅರ್ಧ ದಿನ ಮೀಸಲಿಟ್ಟರೆ, ಮರಳಿದ ಬಳಿಕ ಎದುರಾಗುವ ದುಬಾರಿ ರಿಪೇರಿಯನ್ನೂ ಅದಕ್ಕಿಂತ ಮುಖ್ಯವಾಗಿ ರಸ್ತೆಯಲ್ಲಿನ ಅಪಾಯವನ್ನೂ ತಪ್ಪಿಸಬಹುದು.

ಬ್ಯಾಟರಿ: ಒಂದು ತಿಂಗಳ ಲೆಕ್ಕ

ಕೀಲಿ ತೆಗೆದ ಮಾತ್ರಕ್ಕೆ ಕಾರು ಪೂರ್ತಿ ನಿದ್ರಿಸುವುದಿಲ್ಲ. ಗಡಿಯಾರ, ಕಳ್ಳತನ ತಡೆಯುವ ಅಲಾರಂ, ರಿಮೋಟ್ ಬೀಗದ ಸಂಕೇತಕ್ಕಾಗಿ ಕಾಯುವ ಉಪಕರಣ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಇವೆಲ್ಲ ಸದಾ ಸ್ವಲ್ಪ ವಿದ್ಯುತ್ ಸೆಳೆಯುತ್ತಲೇ ಇರುತ್ತವೆ. ಈ ಸೆಳೆತ 50 ಮಿಲಿ ಆಂಪಿಯರ್ ಎಂದಿಟ್ಟುಕೊಂಡರೆ ದಿನಕ್ಕೆ 1.2 ಆಂಪಿಯರ್ ಅವರ್, 30 ದಿನಗಳಿಗೆ 36 ಆಂಪಿಯರ್ ಅವರ್ ಖರ್ಚಾಗುತ್ತದೆ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿರುವ 35 ಆಂಪಿಯರ್ ಅವರ್ ಸಾಮರ್ಥ್ಯದ ಬ್ಯಾಟರಿ ಬರಿದಾಗಲು ಇಷ್ಟು ಸಾಕು. ಎಂಜಿನ್ ಚಾಲೂ ಮಾಡುವ ಶಕ್ತಿಯಂತೂ ಅದಕ್ಕೂ ಮೊದಲೇ ಕುಂದಿರುತ್ತದೆ. ಸೆಳೆತ ಇದರ ಅರ್ಧದಷ್ಟಿದ್ದರೂ ಎರಡು ತಿಂಗಳಿಗೆ ಫಲಿತಾಂಶ ಒಂದೇ.

ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಒಳಗಿನ ಸೀಸದ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಗಡಸಾಗುತ್ತದೆ. ಬಳಿಕ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಸಾಮರ್ಥ್ಯ ಮರಳುವುದಿಲ್ಲ. ಆದ್ದರಿಂದ ಮೂರು ವಾರಕ್ಕಿಂತ ಹೆಚ್ಚು ಕಾಲ ಕಾರು ನಿಲ್ಲುವುದಾದರೆ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಸಂಪರ್ಕ ಕಳಚುವುದು ಒಳಿತು. ಪೂರ್ತಿ ಚಾರ್ಜ್ ಆಗಿ ಕೆಲವು ತಾಸು ವಿಶ್ರಮಿಸಿದ 12 ವೋಲ್ಟ್ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, 12.4ಕ್ಕಿಂತ ಕಡಿಮೆ ಇದ್ದರೆ ಮೊದಲು ಚಾರ್ಜ್ ಮಾಡಿಸಬೇಕು.

ಕಳಚುವಾಗ ಋಣ ಚಿಹ್ನೆಯ ಕಪ್ಪು ತಂತಿಯನ್ನು ಮೊದಲು ಬಿಚ್ಚಬೇಕು. ಮರಳಿ ಜೋಡಿಸುವಾಗ ಅದನ್ನೇ ಕೊನೆಗೆ ಜೋಡಿಸಬೇಕು. ಧನ ತಂತಿಯನ್ನು ಮೊದಲು ಬಿಚ್ಚಲು ಹೋದರೆ ಸ್ಪ್ಯಾನರ್ ಕಾರಿನ ಲೋಹದ ಭಾಗಕ್ಕೆ ತಗುಲಿ ಕಿಡಿ ಹಾರುವ ಅಪಾಯವಿದೆ. ಕಿಟಕಿಗಳನ್ನು ಮುಂಚೆಯೇ ಮುಚ್ಚಿರಬೇಕು. ಬ್ಯಾಟರಿ ಕಳಚಿದ ಮೇಲೆ ರಿಮೋಟ್ ಕೆಲಸ ಮಾಡದ ಕಾರಣ ಬಾಗಿಲು ಸಾದಾ ಕೀಲಿಯಿಂದ ತೆರೆಯುತ್ತದೆಯೇ ಎಂದೂ ಪರೀಕ್ಷಿಸಬೇಕು. ಕೆಲವು ಕಾರುಗಳ ಸ್ಟೀರಿಯೋಗೆ ಮರುಚಾಲನೆಯ ಸಂಕೇತ ಸಂಖ್ಯೆ ಬೇಕಾಗುತ್ತದೆ, ಅದನ್ನು ಬರೆದಿಟ್ಟುಕೊಳ್ಳಬೇಕು. ಗುಂಡಿ ಒತ್ತಿ ಹಾಕುವ ವಿದ್ಯುತ್ ಹ್ಯಾಂಡ್‌ಬ್ರೇಕ್ ಇರುವ ಕಾರಿನಲ್ಲಿ ಬ್ಯಾಟರಿ ಕಳಚುವ ಮುನ್ನ ಕೈಪಿಡಿ ನೋಡುವುದು ಕಡ್ಡಾಯ.

ಸುಮ್ಮನೆ ಎಂಜಿನ್ ಚಾಲೂ ಮಾಡಿದರೆ ಸಾಲದು

ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಚಾಲೂ ಮಾಡಿ ನಿಲ್ಲಿಸುವಂತೆ ಕಾವಲುಗಾರನಿಗೆ ಹೇಳಿ ಹೋಗುವುದು ರೂಢಿ. ಇದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ಎಂಜಿನ್ ಚಾಲೂ ಮಾಡಲು ವ್ಯಯವಾದ ವಿದ್ಯುತ್ತು ಐದು ನಿಮಿಷದ ಮಂದಗತಿಯಲ್ಲಿ ಪೂರ್ತಿ ಭರ್ತಿಯಾಗುವುದಿಲ್ಲ. ಜೊತೆಗೆ ಎಂಜಿನ್ ಸಾಕಷ್ಟು ಬಿಸಿಯಾಗದ ಕಾರಣ ದಹನದಿಂದ ಹುಟ್ಟಿದ ನೀರಿನ ಆವಿ ಸೈಲೆನ್ಸರ್ ಮತ್ತು ಎಂಜಿನ್ ಆಯಿಲ್‌ನಲ್ಲೇ ಉಳಿದು ತುಕ್ಕಿಗೆ ಕಾರಣವಾಗುತ್ತದೆ.

ನಂಬಿಕಸ್ಥ ಬಂಧುವೋ ನೆರೆಯವರೋ ಇದ್ದರೆ ಹದಿನೈದು ದಿನಕ್ಕೊಮ್ಮೆ 15ರಿಂದ 20 ಕಿಲೋಮೀಟರ್ ಓಡಿಸುವಂತೆ ಕೋರುವುದು ಅತ್ಯುತ್ತಮ ಮಾರ್ಗ. ಇದರಿಂದ ಬ್ಯಾಟರಿ ತುಂಬುತ್ತದೆ, ಟೈರುಗಳು ಉರುಳುತ್ತವೆ, ಬ್ರೇಕಿನ ತುಕ್ಕು ಉಜ್ಜಿ ಹೋಗುತ್ತದೆ. ಆ ವೇಳೆ ಹತ್ತು ನಿಮಿಷ ಏಸಿ ಹಾಕಿದರೆ ಕಂಪ್ರೆಸರ್‌ನ ಸೀಲುಗಳಿಗೂ ಎಣ್ಣೆ ತಲುಪುತ್ತದೆ. ಓಡಿಸುವವರ ಬಳಿ ಚಾಲನಾ ಪರವಾನಗಿ ಇದೆಯೇ ಎಂದು ಖಚಿತಪಡಿಸಿಕೊಂಡು, ನೋಂದಣಿ ಪತ್ರ ಮತ್ತು ವಿಮೆಯ ಪ್ರತಿಗಳನ್ನು ಅವರಿಗೆ ಒಪ್ಪಿಸಬೇಕು. ಅಂಥವರು ಯಾರೂ ಇಲ್ಲದಿದ್ದಲ್ಲಿ ಬ್ಯಾಟರಿ ಕಳಚಿ ಕಾರನ್ನು ಮುಟ್ಟದೆ ಬಿಡುವುದೇ ಮೇಲು. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಚಾಲೂ ಇಡುವುದಂತೂ ಸಲ್ಲದು. ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ಪ್ರಾಣಕ್ಕೇ ಎರವಾಗಬಲ್ಲದು.

ಇಂಧನ ಮತ್ತು ಎಣ್ಣೆ

ದೇಶದಲ್ಲಿ ಪೆಟ್ರೋಲಿಗೆ ಶೇ. 20ರಷ್ಟು ಎಥನಾಲ್ ಬೆರೆಸುವ ಗುರಿ 2025ರಲ್ಲಿ ತಲುಪಿತು. ಎಥನಾಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ನೀರಿನಂಶ ಮಿತಿಮೀರಿದರೆ ಎಥನಾಲ್ ಮತ್ತು ನೀರು ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತವೆ. ಟ್ಯಾಂಕಿನಲ್ಲಿ ಗಾಳಿಗೆ ಜಾಗ ಕಡಿಮೆಯಿದ್ದಷ್ಟೂ ತೇವವೂ ಕಡಿಮೆ. ಆದಕಾರಣ ಹೊರಡುವ ಮುನ್ನ ಟ್ಯಾಂಕನ್ನು ಬಹುತೇಕ ತುಂಬಿಸುವುದು ಸೂಕ್ತ. ಪಂಪಿನ ನಳಿಕೆ ತಾನಾಗಿ ನಿಂತ ಮೇಲೆ ಮತ್ತೆ ಸುರಿಸುವುದು ಬೇಡ. ಡೀಸೆಲ್ ಕಾರಿಗೂ ಇದೇ ನಿಯಮ. ಡೀಸೆಲ್ ಟ್ಯಾಂಕಿನಲ್ಲಿ ನೀರು ಸೇರಿದರೆ ಸೂಕ್ಷ್ಮಾಣುಗಳು ಬೆಳೆದು ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಬಳಸಿದ ಎಂಜಿನ್ ಆಯಿಲ್‌ನಲ್ಲಿ ಆಮ್ಲ ಹಾಗೂ ತೇವಾಂಶ ಸೇರಿರುತ್ತವೆ. ಸರ್ವಿಸ್ ಅವಧಿ ಸಮೀಪಿಸಿದ್ದರೆ ಮರಳಿದ ಮೇಲೆ ಮಾಡಿಸೋಣ ಎನ್ನದೆ, ಹೊರಡುವ ಮುನ್ನವೇ ಆಯಿಲ್ ಬದಲಿಸುವುದು ಎಂಜಿನ್ನಿಗೆ ಹಿತ. ಕೂಲೆಂಟ್ ಮತ್ತು ಬ್ರೇಕ್ ಆಯಿಲ್ ಮಟ್ಟವನ್ನೂ ನೋಡಬೇಕು. ಕೂಲೆಂಟ್ ಬದಲು ಬರೀ ನಲ್ಲಿ ನೀರು ತುಂಬಿದ್ದರೆ ರೇಡಿಯೇಟರ್ ಒಳಗೆ ತುಕ್ಕು ಹಿಡಿಯುತ್ತದೆ.

ಟೈರು ಮತ್ತು ಹ್ಯಾಂಡ್‌ಬ್ರೇಕ್

ನಿಂತ ಕಾರಿನ ಪೂರ್ತಿ ಭಾರ ತಿಂಗಳುಗಟ್ಟಲೆ ಟೈರಿನ ಒಂದೇ ಭಾಗದ ಮೇಲೆ ಬೀಳುತ್ತದೆ. ಅದರ ಮೇಲೆ ಗಾಳಿಯೂ ತಾನಾಗಿ ಇಳಿಯುತ್ತ ಹೋಗಿ ಟೈರು ಒಂದೆಡೆ ಚಪ್ಪಟೆಯಾಗುತ್ತದೆ. ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯಲ್ಲಿ ಸೂಚಿಸಿದ ಒತ್ತಡಕ್ಕಿಂತ ಮೂರು ನಾಲ್ಕು ಪಿಎಸ್‌ಐ ಹೆಚ್ಚು ಗಾಳಿ ತುಂಬಿಸಿ ನಿಲ್ಲಿಸಬಹುದು. ಆದರೆ ಟೈರಿನ ಮೇಲೆ ನಮೂದಿಸಿದ ಗರಿಷ್ಠ ಮಿತಿ ಮೀರಬಾರದು. ಮರಳಿದ ಬಳಿಕ ಒತ್ತಡವನ್ನು ಸರಿಪಡಿಸಲು ಮರೆಯಬಾರದು. ಕಾರನ್ನು ನೋಡಿಕೊಳ್ಳುವವರು ಓಡಿಸಲಾರದವರಾದರೂ, ತಿಂಗಳಿಗೊಮ್ಮೆ ಒಂದೆರಡು ಅಡಿ ತಳ್ಳಿದರೆ ಭಾರ ಬೀಳುವ ಜಾಗ ಬದಲಾಗುತ್ತದೆ.

ಅನೇಕ ಕಾರುಗಳ ಹಿಂಬದಿ ಚಕ್ರಗಳಲ್ಲಿ ಡ್ರಮ್ ಬ್ರೇಕ್ ಇರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದೇ ಬಿಟ್ಟರೆ, ತೇವಕ್ಕೆ ತುಕ್ಕು ಹಿಡಿದು ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಮಳೆಗಾಲದಲ್ಲಿ ಇದಕ್ಕೆ ಕೆಲವೇ ವಾರ ಸಾಕು. ಆದ್ದರಿಂದ ಸಮತಟ್ಟಾದ ನೆಲದಲ್ಲಿ ಮೊದಲ ಗೇರಿನಲ್ಲಿಟ್ಟು, ಚಕ್ರಗಳ ಹಿಂದೆ ಮುಂದೆ ಇಟ್ಟಿಗೆ ಅಥವಾ ಮರದ ತುಂಡಿನ ಅಡ್ಡೆ ಕೊಟ್ಟು, ಹ್ಯಾಂಡ್‌ಬ್ರೇಕ್ ಇಳಿಸಬೇಕು. ಆಟೋಮ್ಯಾಟಿಕ್ ಕಾರಾದರೆ ಗೇರನ್ನು 'ಪಿ' ಸ್ಥಾನದಲ್ಲಿಟ್ಟು ಅಡ್ಡೆ ಕೊಡಬೇಕು. ಇಳಿಜಾರಿನಲ್ಲಿ ದೀರ್ಘಕಾಲ ನಿಲ್ಲಿಸುವ ಯೋಚನೆಯೇ ಬೇಡ.

ತೇವ, ಬೂಷ್ಟು, ಇಲಿ

ಕರಾವಳಿಯ ಉಪ್ಪುಗಾಳಿ ಹಾಗೂ ಮಲೆನಾಡಿನ ಬಿಡದ ಮಳೆ ನಿಂತ ಕಾರಿಗೆ ದೊಡ್ಡ ಶತ್ರುಗಳು. ಹೊರಡುವ ಮುನ್ನ ಕೆಳಭಾಗವೂ ಸೇರಿ ಇಡೀ ಕಾರನ್ನು ತೊಳೆಸಿ, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದ ನಂತರವೇ ಹೊದಿಕೆ ಹಾಕಬೇಕು. ಹಕ್ಕಿಯ ಹಿಕ್ಕೆ ಹಾಗೂ ಮರದ ಅಂಟು ತಿಂಗಳುಗಟ್ಟಲೆ ಉಳಿದರೆ ಬಣ್ಣವನ್ನೇ ತಿನ್ನುತ್ತವೆ. ಹೊದಿಕೆ ಗಾಳಿಯಾಡುವ ಬಟ್ಟೆಯದಾಗಿರಲಿ. ಪ್ಲಾಸ್ಟಿಕ್ ತಾಡಪಾಲು ಒಳಗಿನ ತೇವವನ್ನು ಹೊರಬಿಡದೆ ಕೇಡು ಹೆಚ್ಚಿಸುತ್ತದೆ.

ಒಳಗಿನ ಕಾರ್ಪೆಟ್ ಒದ್ದೆಯಾಗಿದ್ದರೆ ತೆಗೆದು ಒಣಗಿಸಬೇಕು. ಕೊನೆಯ ಪ್ರಯಾಣದಲ್ಲಿ ಮನೆ ಸೇರುವ ಕೆಲವು ನಿಮಿಷ ಮುನ್ನ ಏಸಿ ಆರಿಸಿ ಬ್ಲೋವರ್ ಮಾತ್ರ ಓಡಿಸಿದರೆ ಏಸಿಯೊಳಗಿನ ತೇವ ಒಣಗಿ ಬೂಷ್ಟಿನ ವಾಸನೆ ತಪ್ಪುತ್ತದೆ. ಬಟ್ಟೆಚೀಲದಲ್ಲಿ ಕಟ್ಟಿದ ಇದ್ದಿಲು ಅಥವಾ ಸಿಲಿಕಾ ಜೆಲ್ ಪೊಟ್ಟಣಗಳನ್ನು ಒಳಗಿಡಬಹುದು.

ಇಲಿಯ ಕಾಟ ನಗರದ ನೆಲಮಾಳಿಗೆಗಳಲ್ಲೂ ಕಡಿಮೆಯಿಲ್ಲ. ಬಿಸ್ಕತ್ತಿನ ಚೂರು, ಕಡಲೆಬೀಜದ ಸಿಪ್ಪೆ, ಕಾಗದದ ಕಟ್ಟು, ಹಳೆಯ ಬಟ್ಟೆ ಯಾವುದೂ ಕಾರಿನಲ್ಲಿ ಉಳಿಯಬಾರದು. ಗಾಳಿಯನ್ನು ಒಳಗೇ ಸುತ್ತಿಸುವ ಗುಂಡಿ ಒತ್ತಿಟ್ಟರೆ ಹೊರಗಾಳಿ ಬರುವ ದಾರಿ ಮುಚ್ಚುತ್ತದೆ. ಹೊರಗಾಳಿ ಒಳಬರುವ ದ್ವಾರಕ್ಕೆ ಮೆಕ್ಯಾನಿಕ್ ಕೈಯಲ್ಲಿ ಲೋಹದ ಜಾಲರಿ ಹಾಕಿಸುವುದು ಹೆಚ್ಚು ಭದ್ರ. ಹೊಗೆಸೊಪ್ಪು, ನ್ಯಾಫ್ತಲೀನ್ ಗುಳಿಗೆಗಳ ವಾಸನೆ ಬೇಗ ಕುಂದುವುದರಿಂದ ಅವನ್ನೇ ನೆಚ್ಚಿಕೊಳ್ಳುವಂತಿಲ್ಲ. ಕಾರಿನೊಳಗೆ ವಿಷವಿಡುವುದು ಬೇಡ. ಕೈಗೆಟುಕದ ಮೂಲೆಯಲ್ಲಿ ಸತ್ತ ಇಲಿ ಇನ್ನೊಂದು ತಲೆನೋವು.

ಎಲ್ಲಿ ನಿಲ್ಲಿಸಬೇಕು?

2022ರ ಸೆಪ್ಟೆಂಬರ್ ಆರಂಭದಲ್ಲಿ ಸುರಿದ ಮಳೆಗೆ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆ ಆಸುಪಾಸಿನ ಬಡಾವಣೆಗಳಲ್ಲಿ ಕಾರುಗಳು ನೀರಿನಲ್ಲಿ ಮುಳುಗಿದ್ದು ನೆನಪಿರಬಹುದು. ಮಾಲೀಕರು ಊರಿನಲ್ಲಿದ್ದರೆ ಕಾರನ್ನು ಎತ್ತರದ ಜಾಗಕ್ಕೆ ಸಾಗಿಸಬಹುದು. ಇಲ್ಲದಾಗ ಅದು ಇದ್ದಲ್ಲೇ ಮುಳುಗುತ್ತದೆ. ಮಳೆಗಾಲ ಅಡ್ಡ ಬರುವಂತಿದ್ದರೆ ನೆಲಮಾಳಿಗೆಗಿಂತ ಎತ್ತರದ ನೆಲದಲ್ಲಿ ನಿಲ್ಲಿಸಲು ಸಾಧ್ಯವೇ ಎಂದು ವಿಚಾರಿಸಬೇಕು. ಕೀಲಿಯೊಂದನ್ನು ಹತ್ತಿರದವರ ಬಳಿ ಇರಿಸಿ, ನೀರು ಹೊಕ್ಕ ಕಾರನ್ನು ಯಾವ ಕಾರಣಕ್ಕೂ ಚಾಲೂ ಮಾಡಬಾರದು ಎಂದು ತಿಳಿಸಬೇಕು. ಎಂಜಿನ್ ಒಳಗೆ ನೀರಿದ್ದಾಗ ಚಾಲೂ ಮಾಡಿದರೆ ಒಳಭಾಗಗಳು ಬಾಗಿ ಮುರಿಯುತ್ತವೆ. ಹೀಗಾದ ನಷ್ಟವನ್ನು ಸಾಮಾನ್ಯ ವಿಮೆ ಭರಿಸದಿರುವುದೇ ಹೆಚ್ಚು. ಅದಕ್ಕೆ ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಬೇಕು.

ಕಾಗದಪತ್ರ

ಓಡದ ಕಾರಿಗೆ ವಿಮೆ ಏಕೆ ಎಂಬ ಲೆಕ್ಕಾಚಾರ ಅಪಾಯಕಾರಿ. ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಬಳಸುವ ವಾಹನಕ್ಕೆ ಮೂರನೆಯ ವ್ಯಕ್ತಿಯ ವಿಮೆ ಕಡ್ಡಾಯ. 2019ರ ತಿದ್ದುಪಡಿಯ ಬಳಿಕ ಮೊದಲ ಬಾರಿಯ ಉಲ್ಲಂಘನೆಗೆ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗಿನ ಸಜೆ ಅಥವಾ ಎರಡೂ, ಮರುಕಳಿಸಿದರೆ 4,000 ರೂಪಾಯಿ ದಂಡಕ್ಕೆ ಅವಕಾಶವಿದೆ. ಕಳ್ಳತನ, ಬೆಂಕಿ, ಪ್ರವಾಹ ನಿಂತ ಕಾರಿಗೂ ಒದಗುತ್ತವೆ. ಇವುಗಳ ಪರಿಹಾರ ಮೂರನೆಯ ವ್ಯಕ್ತಿಯ ವಿಮೆಯಿಂದ ಮಾತ್ರ ದೊರೆಯುವುದಿಲ್ಲ, ಸಮಗ್ರ ವಿಮೆ ಬೇಕು. ಅವಧಿ ಮುಗಿದು 90 ದಿನಗಳೊಳಗೆ ನವೀಕರಿಸದಿದ್ದರೆ, ವರ್ಷಗಳಿಂದ ಕೂಡಿಬಂದ ನೋ ಕ್ಲೇಮ್ ಬೋನಸ್ ಕೂಡ ಕೈತಪ್ಪುತ್ತದೆ. ಐದು ವರ್ಷ ಪರಿಹಾರ ಕೋರದವರಿಗೆ ಈ ರಿಯಾಯಿತಿ ಸ್ವಂತ ಹಾನಿ ವಿಮೆಯ ಕಂತಿನ ಶೇ. 50ರಷ್ಟಿರುತ್ತದೆ. ಆದ್ದರಿಂದ ಪ್ರವಾಸದ ಮಧ್ಯೆ ಅವಧಿ ಮುಗಿಯುವಂತಿದ್ದರೆ ಹೊರಡುವ ಮುನ್ನವೇ ನವೀಕರಿಸಬೇಕು. ವಾಯುಮಾಲಿನ್ಯ ತಪಾಸಣೆ ಪತ್ರದ ದಿನಾಂಕವನ್ನೂ, ಹಳೆಯ ಕಾರಾದರೆ 15 ವರ್ಷದ ನೋಂದಣಿ ಅವಧಿಯನ್ನೂ ಗಮನಿಸಬೇಕು.

ವಿದ್ಯುತ್ ಕಾರುಗಳು

ವಿದ್ಯುತ್ ಕಾರಿನ ಮುಖ್ಯ ಬ್ಯಾಟರಿಯನ್ನು ಪೂರ್ತಿ ತುಂಬಿಸಿ ಅಥವಾ ಪೂರ್ತಿ ಬರಿದು ಮಾಡಿ ನಿಲ್ಲಿಸುವುದು ಅದರ ಆಯುಷ್ಯಕ್ಕೆ ಹಾನಿಕರ. ಸುಮಾರು ಅರ್ಧದಷ್ಟು ಚಾರ್ಜ್ ಇರುವುದು ಒಳ್ಳೆಯದು. ನಿಖರ ಪ್ರಮಾಣಕ್ಕೆ ಆಯಾ ಕಾರಿನ ಕೈಪಿಡಿಯೇ ಪ್ರಮಾಣ. ಇಂಥ ಕಾರುಗಳಲ್ಲೂ ಪ್ರತ್ಯೇಕ 12 ವೋಲ್ಟ್ ಬ್ಯಾಟರಿ ಇದ್ದು, ಅದು ಬರಿದಾದರೆ ಬಾಗಿಲು ತೆರೆಯುವುದೂ ಕಷ್ಟವಾಗಬಹುದು.

ಮರಳಿದ ದಿನ

ದೂರದ ಪ್ರಯಾಣ ಮುಗಿಸಿ ಬಂದ ಮರುದಿನವೇ ಕಾರನ್ನು ಹೆದ್ದಾರಿಗೆ ಒಯ್ಯುವುದು ತರವಲ್ಲ. ಮೊದಲು ಬಾನೆಟ್ ತೆರೆದು ಇಲಿಗೂಡು, ಕಡಿದ ತಂತಿ ಇವೆಯೇ ಎಂದು ನೋಡಬೇಕು. ಕಾರಿನ ಕೆಳಗೆ ಎಣ್ಣೆ ಅಥವಾ ಕೂಲೆಂಟ್ ಸೋರಿದ ಕಲೆ, ಟೈರಿನ ಪಕ್ಕದಲ್ಲಿ ಬಿರುಕು ಇದ್ದರೆ ಮೆಕ್ಯಾನಿಕ್ ಬರುವವರೆಗೆ ಕಾಯಬೇಕು. ಟೈರಿನ ವಯಸ್ಸು ಅರಿಯಲು ಅದರ ಮೇಲಿರುವ ನಾಲ್ಕಂಕಿಯ ಸಂಖ್ಯೆ ನೋಡಬಹುದು. 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದದ್ದು.

ಎಲ್ಲವೂ ಸರಿಯಿದ್ದರೆ ಬ್ಯಾಟರಿ ಜೋಡಿಸಿ, ಚಕ್ರದ ಅಡ್ಡೆ ತೆಗೆದು, ಎಂಜಿನ್ ಚಾಲೂ ಮಾಡಬೇಕು. ಎಣ್ಣೆಯ ದೀಪ ಕೆಲವೇ ಕ್ಷಣಗಳಲ್ಲಿ ಆರದಿದ್ದರೆ ತಕ್ಷಣ ಎಂಜಿನ್ ನಿಲ್ಲಿಸಬೇಕು. ಅಂಗಳದಲ್ಲೇ ನಿಧಾನವಾಗಿ ಚಲಿಸಿ ಬ್ರೇಕ್ ಒತ್ತಿ ನೋಡಬೇಕು. ಡಿಸ್ಕ್ ಮೇಲಿನ ತೆಳು ತುಕ್ಕಿನಿಂದ ಮೊದಮೊದಲು ಕರಕರ ಸದ್ದು ಬರುವುದು ಸಹಜ. ನಾಲ್ಕಾರು ಬಾರಿ ಒತ್ತಿದ ಮೇಲೂ ಸದ್ದು ನಿಲ್ಲದಿದ್ದರೆ, ಪೆಡಲ್ ಆಳಕ್ಕೆ ಇಳಿದರೆ ಅಥವಾ ಕಾರು ಒಂದು ಬದಿಗೆ ಎಳೆದರೆ ರಸ್ತೆಗೆ ಇಳಿಸಬಾರದು.

ನಿಂತು ಕೆಟ್ಟ ಬ್ಯಾಟರಿಯನ್ನು ಹಣ ಕೊಟ್ಟು ಬದಲಿಸಬಹುದು. ಕೈಕೊಟ್ಟ ಬ್ರೇಕು ಹಾಗೂ ಒಡೆದ ಟೈರಿನ ಬೆಲೆ ಹಣದಲ್ಲಿ ಮುಗಿಯುವಂಥದ್ದಲ್ಲ. ಆದ್ದರಿಂದ ಹೊರಡುವ ಮುನ್ನಿನ ಸಿದ್ಧತೆಯಷ್ಟೇ ಮರಳಿದ ದಿನದ ತಪಾಸಣೆಯೂ ಮುಖ್ಯ.