ವಿಶ್ವ ಪಟ್ಟಕ್ಕೆ ಸವಾಲು ಹಾಕುವವನು ಯಾರು?



ಜಾಲ್ಸೂರು ಪೇಟೆಯಲ್ಲಿ, ಕಾಸರಗೋಡಿನ ದಾರಿ ಕವಲೊಡೆಯುವಲ್ಲಿ ಬಸ್ಸಿಗೆ ಕಾಯುವ ಯಾವ ಶಾಲಾ ಹುಡುಗನನ್ನು ಕೇಳಿದರೂ ಹೇಳುತ್ತಾನೆ: ತಾಲೂಕಿನಲ್ಲಿ ಗೆದ್ದವನು ಜಿಲ್ಲೆಗೆ, ಜಿಲ್ಲೆಯಲ್ಲಿ ಗೆದ್ದವನು ರಾಜ್ಯಕ್ಕೆ. ಇಷ್ಟು ಸರಳವಾದ ಮೆಟ್ಟಿಲು ಚದುರಂಗದ ವಿಶ್ವ ಪಟ್ಟಕ್ಕೆ ಬಹುಕಾಲ ಇರಲಿಲ್ಲವೆಂದರೆ ನೀವು ನಂಬುತ್ತೀರಾ?

ನಮ್ಮ ದೇಶದಲ್ಲಿ ಹುಟ್ಟಿದ ಈ ಆಟ ಪರ್ಶಿಯಾದ ಮೂಲಕ ಅರಬರ ಕೈಸೇರಿ ‘ಶತ್ರಂಜ್’ ಆಯಿತು. ಹತ್ತನೆಯ ಶತಮಾನದ ಆರಂಭದಲ್ಲಿ ಬಗ್ದಾದಿನ ಖಲೀಫ ಅಲ್ ಮುಕ್ತಫೀಯ ಆಸ್ಥಾನದಲ್ಲಿ ಅಸ್ಸೂಲಿ ಎಂಬ ವಿದ್ವಾಂಸರು ಅಲ್ ಮಾವರ್ದಿ ಎಂಬ ಆಸ್ಥಾನದ ಆಟಗಾರನನ್ನು ಸೋಲಿಸಿ ಹೆಸರಾದರು. ಅಂದು ದೊಡ್ಡ ಆಟಗಾರನ ಎದುರು ಕೂರಲು ಆಸ್ಥಾನದ ಕೃಪೆ ಬೇಕಿತ್ತು. (ಪಣವಿಲ್ಲದೆ, ನಮಾಝ್ ತಪ್ಪದಂತೆ ಆಡುವ ಬಗ್ಗೆಯೂ ಉಲಮಾಗಳಲ್ಲಿ ಭಿನ್ನಾಭಿಪ್ರಾಯಗಳಿವೆ. ಆ ಚರ್ಚೆ ಇಲ್ಲಿ ಬೇಡ.)

ಸಾವಿರ ವರ್ಷಗಳ ನಂತರ ಕೃಪೆಯ ಜಾಗದಲ್ಲಿ ಹಣ ಬಂದು ಕೂತಿತು. 1886ರಲ್ಲಿ ಸ್ಟೈನಿಟ್ಜ್ ಮೊದಲ ವಿಶ್ವ ಚಾಂಪಿಯನ್ ಆದ ಮೇಲೆ, ಪಟ್ಟಕ್ಕೆ ಸವಾಲು ಹಾಕುವವನು ಚಾಂಪಿಯನ್ನನನ್ನು ಒಪ್ಪಿಸಿ ಬಹುಮಾನದ ಮೊತ್ತವನ್ನೂ ಹೊಂದಿಸಬೇಕಾಗಿತ್ತು. 1922ರಲ್ಲಿ ಕಾಪಾಬ್ಲಾಂಕ ಮುಂದಿಟ್ಟ ‘ಲಂಡನ್ ನಿಯಮ’ಗಳು ಆ ಮೊತ್ತವನ್ನು 10,000 ಡಾಲರ್ ಎಂದು ಬರೆದೇ ಬಿಟ್ಟವು.

ಈಗ ಮೀರ್ ಸುಲ್ತಾನ್ ಖಾನ್ ಅವರ ಕಥೆ ಕೇಳಿ. ಅವಿಭಜಿತ ಪಂಜಾಬಿನ ಹಳ್ಳಿಯವರು. ಸರ್ ಉಮರ್ ಹಯಾತ್ ಖಾನ್ ಎಂಬ ಜಮೀನ್ದಾರರ ಆಶ್ರಯದಲ್ಲಿದ್ದು 1929ರಲ್ಲಿ ಅವರ ಜೊತೆ ಲಂಡನ್ನಿಗೆ ಹೋದರು. ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಸರಿಯುವ ನಮ್ಮ ಹಳೆಯ ದೇಶೀ ಆಟದಲ್ಲಿ ಪಳಗಿದ್ದವರು, ಯುರೋಪಿನ ನಿಯಮಗಳನ್ನು ತಡವಾಗಿ ಕಲಿತವರು. ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು. 1932 ಮತ್ತು 1933ರಲ್ಲಿ ಮತ್ತೆ ಗೆದ್ದರು. 1930ರ ಕೊನೆಯಲ್ಲಿ ಹೇಸ್ಟಿಂಗ್ಸ್‌ನಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕರನ್ನೇ ಮಣಿಸಿದರು. ಅದೇ ಮನೆತನದ ಪರಿವಾರದಲ್ಲಿದ್ದ ಫಾತಿಮಾ ಎಂಬ ಹೆಣ್ಣುಮಗಳು 1933ರಲ್ಲಿ ಬ್ರಿಟಿಷ್ ಮಹಿಳಾ ಚಾಂಪಿಯನ್ ಆದರೆಂಬುದನ್ನು ನಮ್ಮ ವಿದ್ಯಾರ್ಥಿನಿಯರು ವಿಶೇಷವಾಗಿ ಗಮನಿಸಬೇಕು. ಜಮೀನ್ದಾರರು ಊರಿಗೆ ಮರಳಿದಾಗ ಸುಲ್ತಾನ್ ಖಾನ್ ಕೂಡ ಮರಳಿದರು. ಅಲ್ಲಿಗೆ ಮುಗಿಯಿತು. ಇನ್ನೂ ಮೇಲೆ ಹೋಗುತ್ತಿದ್ದರೋ ಇಲ್ಲವೋ, ಹೇಳುವವರು ಯಾರು? ಪರೀಕ್ಷಿಸಿ ನೋಡಲು ಒಂದು ಸ್ಪರ್ಧೆಯೇ ಇರಲಿಲ್ಲ.

1946ರಲ್ಲಿ ಚಾಂಪಿಯನ್ ಆಲೆಖೈನ್ ತೀರಿಕೊಂಡಾಗ ಪಟ್ಟ ಖಾಲಿಯಾಯಿತು. ಅಂತಾರಾಷ್ಟ್ರೀಯ ಸಂಸ್ಥೆ ಫಿಡೆ ಅದರ ಹೊಣೆ ಹೊತ್ತಿತು. 1950ರಲ್ಲಿ ಬುಡಾಪೆಸ್ಟ್‌ನಲ್ಲಿ ಮೊದಲ ‘ಕ್ಯಾಂಡಿಡೇಟ್ಸ್’ ಪಂದ್ಯಾವಳಿ ನಡೆಯಿತು. ಅಂದಿನಿಂದ ಸವಾಲುಗಾರನನ್ನು ಆರಿಸುವುದು ಅಂಕಗಳು. ಇದರಲ್ಲೂ ಕುಂದು ಬಂತು. 1962ರಲ್ಲಿ ಕ್ಯುರಸಾವ್‌ನಲ್ಲಿ ಮೂವರು ಸೋವಿಯತ್ ಆಟಗಾರರು ತಮ್ಮೊಳಗಿನ ಹನ್ನೆರಡು ಆಟಗಳನ್ನೂ ಡ್ರಾ ಮಾಡಿಕೊಂಡರು. ಇದು ಒಳಒಪ್ಪಂದವೆಂದು ಫಿಷರ್ ಸಿಡಿದೆದ್ದರು. ಮುಂದೆ ಬಹುಕಾಲ ಒಬ್ಬರಿಗೊಬ್ಬರು ಎದುರಾಗುವ ನಾಕೌಟ್ ಪಂದ್ಯಗಳೇ ನಡೆದವು.

ಅಂಥ ಪಂದ್ಯಗಳು ನಮ್ಮ ದಕ್ಷಿಣಕ್ಕೂ ಬಂದವು. 1991ರಲ್ಲಿ ಮದ್ರಾಸಿನಲ್ಲಿ ವಿಶ್ವನಾಥನ್ ಆನಂದ್ ರಷ್ಯದ ದ್ರೇವ್‌ರನ್ನು 4.5-1.5ರಿಂದ ಸೋಲಿಸಿದರು. 1994ರಲ್ಲಿ ಹೈದರಾಬಾದ್ ಬಳಿಯ ಸಂಘಿ ನಗರದಲ್ಲಿ ಅವರೆದುರು ಕೂತವರು ಗಾಟಾ ಕಾಮ್ಸ್ಕಿ. ಸೈಬೀರಿಯದಲ್ಲಿ ಹುಟ್ಟಿದ ತಾತಾರ್ ಹುಡುಗ, 1989ರಲ್ಲಿ ತಂದೆಯೊಡನೆ ಅಮೆರಿಕ ಸೇರಿದವರು, ಆಗ ವಯಸ್ಸು 20. ಮೊದಲು ಮುನ್ನಡೆಯಲ್ಲಿದ್ದ ಆನಂದ್‌ರನ್ನು ಕಾಮ್ಸ್ಕಿ ಹಿಡಿದರು, ಎಂಟು ಆಟಗಳಲ್ಲಿ 4-4 ಸಮ. ನಂತರದ ಎರಡು ವೇಗದ ಆಟಗಳನ್ನೂ ಗೆದ್ದರು. ಸ್ವದೇಶದ ನೆಲದಲ್ಲಿ ಆನಂದ್‌ಗೆ ಅದು ಕಹಿ ಸೋಲು. 1995ರ ಫೆಬ್ರವರಿಯಲ್ಲಿ ಅದೇ ಸಂಘಿ ನಗರದಲ್ಲಿ ಕಾಮ್ಸ್ಕಿ ಸಲೋವ್‌ರನ್ನೂ ಸೋಲಿಸಿ, ಕಾರ್ಪೊವ್ ಎದುರು ಫಿಡೆ ಪಟ್ಟಕ್ಕೆ ಆಡುವ ಹಕ್ಕು ಪಡೆದರು. 1996ರಲ್ಲಿ ಎಲಿಸ್ತಾದಲ್ಲಿ ಸೋತರು, ಆ ಮಾತು ಬೇರೆ.

ಆನಂದ್ ಆ ಸೋಲಿಗೆ ಕುಗ್ಗಲಿಲ್ಲ. 1995ರ ಮಾರ್ಚ್‌ನಲ್ಲಿ, ಲಾಸ್ ಪಾಲ್ಮಾಸ್‌ನಲ್ಲಿ, ಪ್ರತಿಸ್ಪರ್ಧಿ ಸಂಸ್ಥೆಯೊಂದರ ಕ್ಯಾಂಡಿಡೇಟ್ಸ್ ಅಂತಿಮದಲ್ಲಿ ಕಾಮ್ಸ್ಕಿಯನ್ನು 6.5-4.5ರಿಂದ ಗೆದ್ದರು.

2024ರ ಏಪ್ರಿಲ್‌ನಲ್ಲಿ ಟೊರಾಂಟೊದಲ್ಲಿ ಎಂಟು ಮಂದಿ 14 ಸುತ್ತು ಆಡಿದರು. ಚೆನ್ನೈಯ ಡಿ. ಗುಕೇಶ್, 17 ವರ್ಷ, ಏಳನೆಯ ಸುತ್ತಿನಲ್ಲಿ ಫಿರೂಝ್ಜಾ ಎದುರು ಸೋತೂ 9 ಅಂಕ ಗಳಿಸಿದರು. ಹಿಂದಿದ್ದ ಮೂವರಿಗೂ ತಲಾ 8.5. ಡಿಸೆಂಬರಿನಲ್ಲಿ ಡಿಂಗ್ ಲಿರೆನ್‌ರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದರು. ಹಾಗೆಂದು ಹಣದ ಮಾತು ಮುಗಿಯಿತೆಂದು ನಾನು ಹೇಳಲಾರೆ. ಗುಕೇಶ್ ಅವರ ವೈದ್ಯ ತಂದೆ ವೃತ್ತಿ ಬಿಟ್ಟು ಮಗನೊಡನೆ ಊರೂರು ತಿರುಗಿದವರು. ಟೊರಾಂಟೊಗೆ ಬೇಕಾಗಿದ್ದ ಅಂಕಗಳೂ 2023ರ ಡಿಸೆಂಬರಿನಲ್ಲಿ, ತಮಿಳುನಾಡು ಸರಕಾರದ ನೆರವಿನಿಂದ ಚೆನ್ನೈಯಲ್ಲಿ ತರಾತುರಿಯಲ್ಲಿ ನಡೆದ ಪಂದ್ಯಾವಳಿಯಲ್ಲಿ ದೊರೆತವು. ನಮ್ಮ ರಾಜ್ಯಕ್ಕೆ ಮೊದಲ ಗ್ರಾಂಡ್ ಮಾಸ್ಟರ್ ದೊರೆತದ್ದು 2017ರಲ್ಲಿ, ಮೈಸೂರಿನ ಎಂ.ಎಸ್. ತೇಜ್‌ಕುಮಾರ್.

ಟೊರಾಂಟೊದ ಆಟಕ್ಕೆ ಎರಡು ತಿಂಗಳ ಮೊದಲು, 2024ರ ಫೆಬ್ರವರಿಯಲ್ಲಿ, ಇಸ್ಲಾಮಾಬಾದಿನಲ್ಲಿ ಫಿಡೆ ಇನ್ನೊಬ್ಬರಿಗೂ ಗೌರವ ಗ್ರಾಂಡ್ ಮಾಸ್ಟರ್ ಬಿರುದು ನೀಡಿತು. 1966ರಲ್ಲಿ ತೀರಿಕೊಂಡಿದ್ದ ಮೀರ್ ಸುಲ್ತಾನ್ ಖಾನ್ ಅವರಿಗೆ.