ಕ್ರೈಸ್ತ ಕಾದಂಬರಿಕಾರನ ಶ್ರದ್ಧೆಯೂ ಲೋಕಾನುಭವವೂ

ಕಾದಂಬರಿಕಾರನ ಮತಶ್ರದ್ಧೆಯು ಅವನ ಬರಹದಲ್ಲಿ ಎಲ್ಲಿ ನೆಲೆಸಿರುತ್ತದೆ? ಪ್ರಾರ್ಥನೆ, ಹಬ್ಬ, ದೇವಾಲಯಗಳ ವರ್ಣನೆ ಬಂದೆಡೆಯಲ್ಲಿ ಮಾತ್ರವೇ ಅದನ್ನು ಹುಡುಕಬೇಕೇ? ಈ ಪ್ರಶ್ನೆಯನ್ನು ನಾವು ಪುತ್ತೂರು, ಸುಳ್ಯ, ಕಡಬಗಳ ಸೀಮೆಯಿಂದ ಆರಂಭಿಸಿ ವಿಚಾರಮಾಡುವುದು ಯುಕ್ತವೆಂದು ತೋರುತ್ತದೆ.

ಪುತ್ತೂರೆಂದೊಡನೆ ಅಲ್ಲಿ ಬಹುಕಾಲ ಬಾಳಿದ ಶಿವರಾಮ ಕಾರಂತರ ಸ್ಮರಣೆಯಾಗುತ್ತದೆ. 1933ರಲ್ಲಿ ಪ್ರಕಟವಾದ ಅವರ ‘ಚೋಮನ ದುಡಿ’ಯಲ್ಲಿ, ಬೇಸಾಯಮಾಡುವ ಆಸೆಯೊಂದನ್ನೇ ಹೊತ್ತ ಚೋಮನು ಕ್ರೈಸ್ತಮತವನ್ನು ಸೇರಲು ಹೊರಟು, ದಾರಿಯಿಂದಲೇ ಹಿಂದಿರುಗುತ್ತಾನೆ, ಅವನ ಮಗನಾದರೋ ಕ್ರೈಸ್ತ ಹೆಣ್ಣೊಬ್ಬಳನ್ನು ಮೆಚ್ಚಿ ಮನೆಯನ್ನು ತೊರೆಯುತ್ತಾನೆ. ಅಲ್ಲಿ ಇಗರ್ಜಿಯು ಹೊರಗಿನಿಂದ ಕಂಡ ಬಾಗಿಲು. ನೆಲವಿಲ್ಲದವನಿಗೆ ದೂರದಲ್ಲಿ ತೋರುವ ಆಶ್ರಯ. ಆ ಬಾಗಿಲಿನ ಒಳಗೇ ಹುಟ್ಟಿ ಬೆಳೆದವನೊಬ್ಬನು ಕನ್ನಡದಲ್ಲಿ ಕಾದಂಬರಿ ಬರೆದರೆ ಅವನಿಗೆ ಲೋಕವು ಹೇಗೆ ಕಂಡೀತು?

ಕನ್ನಡದಲ್ಲಿ ಕ್ರೈಸ್ತರ ಬರವಣಿಗೆಯು ಹೊಸದೇನಲ್ಲ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಆ ಸಂಸ್ಥೆಯ ಹರ್ಮನ್ ಮೋಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಜಾನ್ ಬನ್ಯನ್ನನ ಇಂಗ್ಲಿಷ್ ಗ್ರಂಥವು ‘ಯಾತ್ರಿಕನ ಸಂಚಾರ’ವೆಂಬ ಹೆಸರಿನಿಂದ ಕನ್ನಡಕ್ಕೆ ಬಂದಿತು. ಅಂಥ ಗ್ರಂಥಗಳಲ್ಲಿ ತತ್ತ್ವವು ಮೊದಲೇ ನಿಶ್ಚಿತವಾಗಿರುತ್ತದೆ. ಕಥೆಯು ಅದನ್ನು ಹೊತ್ತುಬರುವ ವಾಹನ. ಅವು ಭಾಷೆಗೆ ಮಾಡಿದ ಉಪಕಾರವು ದೊಡ್ಡದು. ಆದರೆ ಕಾದಂಬರಿಯ ಹಾದಿಯೇ ಬೇರೆ. ಅಲ್ಲಿ ಮನುಷ್ಯನು ಮೊದಲು, ತತ್ತ್ವವು ಅವನ ಬಾಳಿನಿಂದ ಹೊರಡತಕ್ಕುದು.

ಈ ಎರಡನೆಯ ಹಾದಿಯನ್ನು ಹಿಡಿದವರಲ್ಲಿ ನಾ. ಡಿಸೋಜ ಅವರು ಪ್ರಮುಖರು. ನಾರ್ಬರ್ಟ್ ಡಿಸೋಜ ಅವರು 1937ರ ಜೂನ್ 6ರಂದು ಮಲೆನಾಡಿನ ಸಾಗರದಲ್ಲಿ, ಉಪಾಧ್ಯಾಯರೊಬ್ಬರ ಮಗನಾಗಿ, ರೋಮನ್ ಕಥೋಲಿಕ ಕುಟುಂಬದಲ್ಲಿ ಜನಿಸಿದರು. ಮನೆಯ ಮಾತು ಕೊಂಕಣಿ, ಬರೆದುದು ಕನ್ನಡದಲ್ಲಿ. ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿಗೆ ಸೇರಿ, ಶರಾವತಿ ಯೋಜನೆಯ ಸ್ಥಳಗಳಲ್ಲಿ ಕೆಲಸಮಾಡಿದರು. 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 2025ರ ಜನವರಿ 5ರಂದು ಮಂಗಳೂರಿನಲ್ಲಿ ಕಾಲವಾದರು.

ಅವರ ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’, ‘ಪಾದರಿಯಾಗುವ ಹುಡುಗ’ ಎಂಬ ಕೃತಿಗಳು ಹೆಸರಿನಿಂದಲೇ ತಮ್ಮ ಲೋಕವನ್ನು ಸೂಚಿಸುತ್ತವೆ. ‘ಇಗರ್ಜಿ’ಯೆಂಬುದು ಪೋರ್ಚುಗೀಸರ ಮಾತಿನಿಂದ ಕೊಂಕಣಿಗೆ ಬಂದು, ಕನ್ನಡದಲ್ಲಿಯೂ ನೆಲೆನಿಂತ ಶಬ್ದ. ಆ ಶಬ್ದವನ್ನು ಕಾದಂಬರಿಯ ತಲೆಬರಹದಲ್ಲಿ ಸಂಕೋಚವಿಲ್ಲದೆ ಇರಿಸಿದುದೇ, ಈ ಜನರ ಬಾಳು ಕನ್ನಡದ ಬಾಳೆಂದು ಸಾರಿದಂತೆ. ಗಮನಿಸತಕ್ಕ ಅಂಶವೇನೆಂದರೆ, ಹೆಸರಿನಲ್ಲಿ ಇಗರ್ಜಿಯು ಒಂದು, ಮನೆಗಳು ಹತ್ತು. ಕಾದಂಬರಿಕಾರನ ಕಣ್ಣು ಮನೆಗಳ ಮೇಲಿದೆ.

ಆದರೆ ಡಿಸೋಜರ ಕೀರ್ತಿಗೆ ಮುಖ್ಯ ಕಾರಣವಾದ ‘ಮುಳುಗಡೆ’, ‘ದ್ವೀಪ’ಗಳ ವಸ್ತುವು ಬೇರೆ. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಪೂರ್ಣವಾಯಿತು. ಅದರ ನೀರು ಗದ್ದೆ, ತೋಟ, ಮನೆ, ಗುಡಿಗಳನ್ನು ನುಂಗಿತು. ನಾಡಿಗೆ ವಿದ್ಯುತ್ತು ದೊರೆಯಿತು. ಸಹಸ್ರಾರು ಜನರು ನೆಲೆ ತಪ್ಪಿದರು. ‘ದ್ವೀಪ’ದ ಗಣಪಯ್ಯನೂ ನಾಗವೇಣಿಯೂ, ಏರುವ ನೀರಿನ ನಡುವೆ ತಮ್ಮ ನೆಲವನ್ನು ಬಿಡಲಾರದೆ ಉಳಿದವರು. ಗಿರೀಶ ಕಾಸರವಳ್ಳಿಯವರ ಚಲನಚಿತ್ರದಿಂದ ಈ ಕಥೆಯು ಇನ್ನೂ ಹೆಚ್ಚು ಮಂದಿಗೆ ಪರಿಚಿತವಾಯಿತು. ಇಲ್ಲಿ ಇಗರ್ಜಿಯಿಲ್ಲ, ಪಾದರಿಯಿಲ್ಲ. ಹಾಗಾದರೆ ಗ್ರಂಥಕರ್ತನ ಶ್ರದ್ಧೆಯು ಎಲ್ಲಿ ಹೋಯಿತು?

ಅದು ಇಲ್ಲಿಯೇ ಹೆಚ್ಚಾಗಿ ಇದೆಯೆಂಬುದು ನಮ್ಮ ಅಭಿಪ್ರಾಯ. ಯಾವ ಯೋಜನೆಯು ಜನರನ್ನು ಎಬ್ಬಿಸಿತೋ, ಅದೇ ಯೋಜನೆಯ ಕೆಲಸದಿಂದ ಈ ಲೇಖಕರ ಮನೆಯ ಒಲೆಯೂ ಉರಿಯಿತು. ಇಂಥವನು ಮೌನವಾಗಿರುವುದು ಸುಲಭ. ಅಣೆಕಟ್ಟಿನ ಹಿರಿಮೆಯನ್ನು ಹೊಗಳುವುದು ಇನ್ನೂ ಸುಲಭ. ಕಥೋಲಿಕರ ಸಂಪ್ರದಾಯದಲ್ಲಿ, ಪಾಪನಿವೇದನೆಗೆ ಮುಂಚೆ ಮನುಷ್ಯನು ತನ್ನ ಅಂತಃಕರಣವನ್ನು ತಾನೇ ಶೋಧಿಸಿಕೊಳ್ಳಬೇಕೆಂಬ ವಿಧಿಯುಂಟು: ಮಾಡಿದುದೇನು, ಮಾಡದೆ ಬಿಟ್ಟುದೇನು, ನೆರೆಯವನಿಗೆ ತನ್ನಿಂದ ಆದ ಕೇಡೇನು? ಮುಳುಗಡೆಯ ಕಾದಂಬರಿಗಳನ್ನು ಓದುವಾಗ ನಮಗೆ ಕೇಳಿಬರುವುದು ಈ ಶೋಧನೆಯೇ. ನಮ್ಮ ದೀಪಕ್ಕೆ ಎಣ್ಣೆಯನ್ನು ತೆತ್ತವರು ಯಾರು ಎಂದು ಅವು ಕೇಳುತ್ತವೆ. ತೆತ್ತವನು ಯಾವ ಮತದವನೆಂದು ಕೇಳುವುದಿಲ್ಲ.

ಕರಾವಳಿಯ ಕಥೋಲಿಕ ಸಮಾಜಕ್ಕೆ ನೆಲೆ ತಪ್ಪುವುದೆಂಬುದು ಕೇಳಿದ ಕಥೆಯಲ್ಲ. ಗೋವೆಯಿಂದ ತೆಂಕಣಕ್ಕೆ ವಲಸೆ ಬಂದವರು ಅವರ ಪೂರ್ವಿಕರು. 1784ರಲ್ಲಿ ಟಿಪ್ಪುವಿನ ಆಜ್ಞೆಯಿಂದ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟವರಲ್ಲಿ ಉಳಿದವರು, 1799ರ ಬಳಿಕ ಹಿಂದಿರುಗಿ ಬಾಳನ್ನು ಮತ್ತೆ ಕಟ್ಟಿಕೊಂಡರು. ಈ ಚರಿತ್ರೆಯಿಂದಲೇ ‘ದ್ವೀಪ’ವು ಹುಟ್ಟಿತೆಂದರೆ ಅತಿಯಾದೀತು, ಅದು ಹುಟ್ಟಿದುದು ಶರಾವತಿಯ ದಡದಲ್ಲಿ ಕಣ್ಣಾರೆ ಕಂಡುದರಿಂದ. ಆದರೆ ಕಂಡುದನ್ನು ನೆನಪಿನಲ್ಲಿ ಇಟ್ಟುಕೊಳ್ಳುವ ಶಕ್ತಿಯನ್ನು ಸಮಾಜವೂ ಶ್ರದ್ಧೆಯೂ ಕೊಡುತ್ತವೆ. ಅನುಭವವು ವಸ್ತುವನ್ನು ನೀಡಿದರೆ, ಶ್ರದ್ಧೆಯು ದೃಷ್ಟಿಯನ್ನು ನೀಡುತ್ತದೆ.

ನಾವು ಹೊರಟ ಸೀಮೆಗೆ ಈಗ ಹಿಂದಿರುಗೋಣ. ಪುತ್ತೂರು, ಸುಳ್ಯಗಳ ಗ್ರಾಮಗಳನ್ನು ಕೂಡಿಸಿ ಕಡಬವು ತಾಲ್ಲೂಕಾದುದು ಈಚೆಗೆ. ಈ ಕಾಡಂಚಿನ ನೆಲಕ್ಕೆ ಕೇರಳದಿಂದ ಸುರಿಯಾನಿ ಕ್ರೈಸ್ತರು ಬೇಸಾಯಕ್ಕಾಗಿ ಬಂದರು. 1964ರ ಒಪ್ಪಂದದ ಬಳಿಕ ಸಿಂಹಳದಿಂದ ಮರಳಿದ ತಮಿಳು ಕುಟುಂಬಗಳು ಇಲ್ಲಿಯ ರಬ್ಬರು ತೋಟಗಳಲ್ಲಿ ನೆಲೆಯಾದವು. 2010ರಲ್ಲಿ ಸೀರೋ ಮಲಂಕರ ಸಭೆಯವರಿಗೆ ಪುತ್ತೂರಿನಲ್ಲಿ ಧರ್ಮಪ್ರಾಂತ್ಯವೂ ಏರ್ಪಟ್ಟಿತು. ಊರು ಬಿಟ್ಟುಬಂದವರ ಕಥೆಗಳು ಇಲ್ಲಿ ತೋಟಕ್ಕೊಂದರಂತೆ ಇವೆ. ಚೋಮನು ಕಂಡ ಬಾಗಿಲಿನ ಒಳಗಿನಿಂದ ಅವನ್ನು ಬರೆಯುವವನು, ತನ್ನವರನ್ನು ಮಾತ್ರವೇ ಬರೆಯದೆ ಆಚೆಯ ಬೇಲಿಯವನ ಕಣ್ಣೀರನ್ನೂ ಬರೆದಲ್ಲಿ, ಡಿಸೋಜರು ತುಳಿದ ಹಾದಿಯನ್ನೇ ತುಳಿದಂತಾಗುವುದು. ಶ್ರದ್ಧೆಯು ಗ್ರಂಥದಲ್ಲಿ ಎಲ್ಲಿದೆಯೆಂಬ ಪ್ರಶ್ನೆಗೆ ನಮ್ಮ ಉತ್ತರವಿಷ್ಟೆ: ಲೇಖಕನು ಯಾರ ದುಃಖವನ್ನು ತನ್ನದೆಂದು ಎಣಿಸಿದನೋ ಅಲ್ಲಿ.