ವೈಯಾವೃತ್ಯ: ವೃದ್ಧರ ಶಯ್ಯೆಯ ಬಳಿ ನಿಂತವರ ಇತಿಹಾಸ

ಮುಪ್ಪು ರೋಗವಲ್ಲ, ದೇಹಧರ್ಮ. ಆದರೆ ಮುಪ್ಪಡರಿದ ದೇಹಕ್ಕೆ ಮತ್ತೊಬ್ಬರ ಕೈಯಾಸರೆ ಬೇಕಾಗುತ್ತದೆ. ಈ ಆಸರೆಗೆ ಜೈನ ಪರಂಪರೆ ‘ವೈಯಾವೃತ್ಯ’ ಎಂದು ಹೆಸರಿಟ್ಟು, ಅದನ್ನು ತಪಸ್ಸಿನ ಸಾಲಿನಲ್ಲಿಯೇ ಕೂರಿಸಿತು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯವು 6 ಅಂತರಂಗ ತಪಸ್ಸುಗಳನ್ನು ಎಣಿಸುವಾಗ ಪ್ರಾಯಶ್ಚಿತ್ತ, ವಿನಯಗಳ ತರುವಾಯ ವೈಯಾವೃತ್ಯವನ್ನು ಹೇಳುತ್ತದೆ. ಸ್ವಾಧ್ಯಾಯ, ಧ್ಯಾನಗಳು ಬರುವುದು ಅದಾದ ಮೇಲೆ. ಸೇವೆಗೆ ಪಾತ್ರರಾದ 10 ವರ್ಗಗಳಲ್ಲಿ ‘ಗ್ಲಾನ’ರು, ಎಂದರೆ ವ್ಯಾಧಿಯಿಂದ ಬಳಲಿದವರು, ಒಂದು ವರ್ಗ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ಗೃಹಸ್ಥನ 4 ಶಿಕ್ಷಾವ್ರತಗಳಲ್ಲಿ ಒಂದಾಗಿ ವಿಧಿಸಿದರು. ಅಲ್ಲಿ ಸೇವೆಗೆ ಪಾತ್ರರು ಮನೆ ತೊರೆದ ಸಂಯಮಿಗಳೇ ಆದರೂ, ಸೇವೆ ಮಾಡುವ ಕೈ ಮಾತ್ರ ಶ್ರಾವಕನದು.

ಈ ಪರಂಪರೆಯ ಕುರುಹುಗಳು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಸೀಮೆಗೆ ದೂರದವಲ್ಲ. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟದಲ್ಲಿ ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳನ್ನು ಒಟ್ಟಿಗೆ ಪ್ರಕಟಿಸಿದರು. ಇಂದು ಪ್ರತ್ಯೇಕ ತಾಲ್ಲೂಕಾಗಿರುವ ನ್ಯಾಮತಿ ಆಗ ಹೊನ್ನಾಳಿಗೆ ಸೇರಿತ್ತು. ಜಗಳೂರಿನ ಶಾಸನಗಳು ಚಿತ್ರದುರ್ಗ ಜಿಲ್ಲೆಯ 11ನೆಯ ಸಂಪುಟದಲ್ಲಿವೆ. ಈ ಸೀಮೆಗೆ ತಾಗಿದ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನವೊಂದು ಜಕ್ಕಿಯಬ್ಬೆಯ ಕಥೆಯನ್ನು ಹೇಳುತ್ತದೆ. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ, ಕ್ರಿ.ಶ. 911ರ ಸುಮಾರಿಗೆ, ಪತಿಯು ಮಡಿದ ಮೇಲೆ ಆಕೆ ನಾಗರಖಂಡ 70ರ ನಾಳ್ಗಾವುಂಡ ಪದವಿಯನ್ನು ವಹಿಸಿಕೊಂಡು ದಕ್ಷತೆಯಿಂದ ಆಳಿದಳು. ಮುಂದೆ ದೇಹವು ರೋಗಕ್ಕೆ ಈಡಾದಾಗ ಮಗಳನ್ನು ಕರೆಸಿ ತನ್ನ ಹೊಣೆಯನ್ನು ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ವ್ರತಧಾರಿಣಿಯಾಗಿ ಪ್ರಾಣ ಬಿಟ್ಟಳು.

ಇಂಥ ಸ್ಮಾರಕ ಶಾಸನಗಳೂ ನಿಷಿಧಿಗಲ್ಲುಗಳೂ ಕರ್ನಾಟಕದಲ್ಲಿ ಹೇರಳವಾಗಿವೆ. ಅವುಗಳಲ್ಲಿ ಮಡಿದವರ ಹೆಸರಿರುತ್ತದೆ. ಹಲವೆಡೆ ಗುರುವಿನ ಹೆಸರು, ಕಲ್ಲು ನಿಲ್ಲಿಸಿದವರ ಹೆಸರು ಇರುತ್ತವೆ. ಆದರೆ ಆ ಕೊನೆಯ ದಿನಗಳಲ್ಲಿ ಬಾಯಿಗೆ ನೀರು ಹಿಡಿದವರು, ಮಗ್ಗುಲು ಹೊರಳಿಸಿದವರು, ರಾತ್ರಿಯೆಲ್ಲ ಎಚ್ಚರವಿದ್ದವರು ಯಾರು ಎಂಬುದು ಕಲ್ಲಿನ ಮೇಲೆ ಬರುವುದು ಬಹು ವಿರಳ.

ಕಲ್ಲು ಹೇಳದ ಈ ಸಂಗತಿಯನ್ನು ಗ್ರಂಥವೊಂದು ವಿವರವಾಗಿ ಹೇಳಿದೆ. ಶಿವಾರ್ಯರು ಪ್ರಾಕೃತದಲ್ಲಿ ರಚಿಸಿದ ಭಗವತೀ ಆರಾಧನೆಯು 2000ಕ್ಕೂ ಮಿಕ್ಕ ಗಾಹೆಗಳ ಮಹಾಗ್ರಂಥ. ಕನ್ನಡದ ವಡ್ಡಾರಾಧನೆಯ 19 ಕಥೆಗಳಿಗೆ ಮೂಲಪ್ರೇರಣೆ ಇದರದೇ. ಸಮಾಧಿಮರಣವನ್ನು ಕೈಗೊಂಡ ಕ್ಷಪಕನ ಸೇವೆಗೆ 48 ನಿರ್ಯಾಪಕರು ಇರಬೇಕೆಂದು ಈ ಗ್ರಂಥ ವಿಧಿಸುತ್ತದೆ. ಅವರನ್ನು ನಾಲ್ವರಂತೆ ವಿಂಗಡಿಸಿ ಕೆಲಸ ಹಂಚಲಾಗಿದೆ. ನಾಲ್ವರು ಆತನನ್ನು ಎಬ್ಬಿಸಿ, ಕೂರಿಸಿ, ಹೊರಳಿಸಬೇಕು; ನಾಲ್ವರು ಧರ್ಮಕಥೆ ಹೇಳಬೇಕು; ನಾಲ್ವರು ಆಹಾರವನ್ನು, ನಾಲ್ವರು ಪಾನೀಯವನ್ನು ತರಬೇಕು; ನಾಲ್ವರು ಮಲಮೂತ್ರಾದಿಗಳನ್ನು ತೆಗೆದು ಶುಚಿಗೊಳಿಸಬೇಕು; ನಾಲ್ವರು ಬಾಗಿಲು ಕಾಯಬೇಕು; ನಾಲ್ವರು ರಾತ್ರಿ ಎಚ್ಚರವಿರಬೇಕು. ಧರ್ಮಕಥೆ ಹೇಳುವವರಿಗೂ ಮಲ ತೆಗೆಯುವವರಿಗೂ ಇಲ್ಲಿ ಒಂದೇ ಹೆಸರು, ಒಂದೇ ಗೌರವ.

ಇದಕ್ಕಿಂತ ಮಹತ್ವದ ಮಾತು ಮುಂದಿದೆ. ಕಾಲ ಪ್ರತಿಕೂಲವಾದಲ್ಲಿ ಈ ಸಂಖ್ಯೆಯನ್ನು ಇಳಿಸುತ್ತ ಹೋಗಬಹುದು. ಆದರೆ 2ಕ್ಕಿಂತ ಕೆಳಗೆ ಇಳಿಸಲಾಗದು. ಒಬ್ಬನೇ ಇದ್ದರೆ ಆತ ತನ್ನ ಆಹಾರಕ್ಕೆಂದು ಹೊರಟಾಗ ರೋಗಿ ಅನಾಥನಾಗುತ್ತಾನೆ. ರೋಗಿಯ ಬಳಿಯೇ ನಿಂತರೆ ತಾನು ಬಳಲಿ ಬೀಳುತ್ತಾನೆ. ಹೀಗೆ ಸೇವಕನಿಗೂ ಸೇವಿತನಿಗೂ ಧರ್ಮಕ್ಕೂ ಹಾನಿ ಎಂಬುದು ಗ್ರಂಥಕಾರರ ನಿರ್ಣಯ. ಸೇವೆ ಮಾಡುವವನ ದೇಹವೂ ದೇಹವೇ ಎಂಬ ಅರಿವು ಇಲ್ಲಿದೆ.

ಈ ವಿಧಿ ಮುನಿಸಂಘಕ್ಕೆ ಹೇಳಿದ್ದು, ಅದೂ ಅಂತ್ಯಕಾಲಕ್ಕೆ. ವೃದ್ಧರಾದ ತಂದೆತಾಯಿಯರು ಕ್ಷಪಕರಲ್ಲ. ಅವರಿಗೆ ಬೇಕಾದುದು ಹಲವು ವರ್ಷಗಳ ನೆಮ್ಮದಿಯ ಬಾಳು. ಆದರೂ ಕೈಗೆ ಬರುವ ಕೆಲಸ ಬಹುಮಟ್ಟಿಗೆ ಒಂದೇ. ವಯಸ್ಸಾದಂತೆ ಚರ್ಮ ತೆಳುವಾಗುತ್ತದೆ, ಸ್ನಾಯು ಕರಗುತ್ತದೆ, ಬಾಯಾರಿಕೆಯ ಅರಿವು ಕುಗ್ಗುತ್ತದೆ. ಹಾಸಿಗೆ ಹಿಡಿದವರನ್ನು ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಒತ್ತಡ ಬಿದ್ದ ಕಡೆ ರಕ್ತಸಂಚಾರ ತಗ್ಗಿ ಹುಣ್ಣಾಗಬಹುದು. ನೇರವಾಗಿ ಕೂರಿಸದೆ ಉಣಿಸಿದರೆ ಅನ್ನ ಶ್ವಾಸನಾಳಕ್ಕೆ ಇಳಿಯುವ ಭಯವಿದೆ. ಇರುಳಿನಲ್ಲಿ ಕೆಲವರಿಗೆ ಮತಿಭ್ರಮಣೆಯಾಗುತ್ತದೆ. ಕತ್ತಲಲ್ಲಿ ಎದ್ದು ಬಿದ್ದು ಮೂಳೆ ಮುರಿದುಕೊಳ್ಳುವವರುಂಟು. ಹೊರಳಿಸುವವರು, ಉಣಿಸುವವರು, ರಾತ್ರಿ ಕಾಯುವವರು ಬೇರೆ ಬೇರೆ ಇರಬೇಕೆಂಬ ಪ್ರಾಚೀನರ ವಿಂಗಡಣೆಯ ಔಚಿತ್ಯ ಇದರಿಂದ ಸ್ಪಷ್ಟವಾಗುತ್ತದೆ.

2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆಯಲ್ಲಿ 60 ವರ್ಷ ದಾಟಿದವರು ಶೇಕಡಾ 9.5, ದೇಶದ ಸರಾಸರಿ ಶೇಕಡಾ 8.6. ಬರದ ಬೇಗೆಯ ಜಗಳೂರಿನಿಂದಲೂ ಅಡಿಕೆ ತೋಟಗಳ ಚನ್ನಗಿರಿಯಿಂದಲೂ ತರುಣರು ಓದಿಗೆ, ಉದ್ಯೋಗಕ್ಕೆ ನಗರ ಸೇರುತ್ತಿದ್ದಾರೆ. ಮನೆಯಲ್ಲಿ ಉಳಿಯುವವರು ಅನೇಕ ವೇಳೆ ಒಬ್ಬರೇ: ಸೊಸೆ, ಮಗಳು ಅಥವಾ ಸ್ವತಃ ವೃದ್ಧೆಯಾದ ಪತ್ನಿ. ಶಾಸ್ತ್ರವು ನಿಷೇಧಿಸಿದ ಒಬ್ಬಂಟಿ ಸೇವೆಯೇ ಇಂದು ರೂಢಿಯಾಗಿದೆ. ಆಕೆ ದಣಿದು ಒಂದು ಮಾತು ಒರಟಾಗಿ ಆಡಿದರೆ ಲೋಕ ಆಕೆಯನ್ನು ದೂರುತ್ತದೆ. ಎರಡನೆಯವರು ಎಲ್ಲಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. 2007ರ ಕೇಂದ್ರ ಕಾಯಿದೆಯು ತಂದೆತಾಯಿಯರ ಪೋಷಣೆಯನ್ನು ಮಕ್ಕಳ ಹೊಣೆಯಾಗಿಸಿ, ಜೀವನಾಂಶ ಕೊಡಿಸಲು ನ್ಯಾಯಮಂಡಳಿಗಳನ್ನು ಕಲ್ಪಿಸಿದೆ. ಕಾಯಿದೆ ಹಣ ಕೊಡಿಸಬಲ್ಲದು. ನಡುರಾತ್ರಿ ಮಗ್ಗುಲು ಬದಲಿಸುವ ಕೈಯನ್ನು ಕೊಡಿಸಲಾರದು.

ಆ ಕೈಯನ್ನು ಕೊಡಬಲ್ಲದ್ದು ಸಮಾಜ. ಮುನಿಗಳ ಆಹಾರಚರ್ಯೆಗೆ ಸರದಿ ಗೊತ್ತುಮಾಡುವ ಬಸದಿಯ ಆಡಳಿತ ಮಂಡಳಿಗಳಿಗೆ ಹಾಸಿಗೆ ಹಿಡಿದ ಶ್ರಾವಕ ಶ್ರಾವಿಕೆಯರ ಮನೆಗಳಿಗೂ ಸರದಿ ಗೊತ್ತುಮಾಡುವುದು ಅಸಾಧ್ಯವಲ್ಲ. ವಾರಕ್ಕೆ ಒಂದೆರಡು ರಾತ್ರಿ ಇನ್ನೊಬ್ಬರು ಎಚ್ಚರವಿದ್ದರೆ ಮನೆಯಾಕೆ ನಿದ್ರಿಸಿಯಾಳು. ಗಾಲಿಕುರ್ಚಿ, ಗಾಳಿಹಾಸಿಗೆಗಳನ್ನು ಬಸದಿಯಲ್ಲಿಟ್ಟು ಬೇಕಾದವರಿಗೆ ಕೊಡಬಹುದು. ದಾದಿಯರಿಂದ ಹೊರಳಿಸುವ, ಉಣಿಸುವ ಕ್ರಮವನ್ನು ಯುವಕರಿಗೂ ಕಲಿಸಬಹುದು. ಈ ಕೆಲಸ ಹೆಂಗಸರದೆಂದು ಯಾವ ಆಗಮವೂ ಹೇಳಿಲ್ಲ. ವಾಂತಿ ಮಾಡಿಕೊಂಡ ಮುನಿಯನ್ನು ಹೇಸದೆ ತೊಳೆದ ಉದ್ದಾಯನನು ಒಬ್ಬ ಅರಸ. ನಿರ್ವಿಚಿಕಿತ್ಸಾ ಅಂಗಕ್ಕೆ ಆತನನ್ನೇ ಸಮಂತಭದ್ರರು ನಿದರ್ಶನವಾಗಿ ಹೆಸರಿಸಿದರು.

48 ಮಂದಿಯನ್ನು ಒದಗಿಸುವ ಶಕ್ತಿ ಇಂದಿನ ಯಾವ ಊರಿಗೂ ಇರಲಾರದು. ಎರಡನೆಯವರೊಬ್ಬರನ್ನು ಒದಗಿಸುವ ಶಕ್ತಿ ಎಲ್ಲ ಊರಿಗೂ ಇದೆ. ಪೂರ್ವಾಚಾರ್ಯರು ಹಾಕಿದ ಕನಿಷ್ಠ ಗೆರೆ ಅದು. ಅದಕ್ಕಿಂತ ಕೆಳಗೆ ಇಳಿಯದಿರುವುದು ಶ್ರಾವಕರ ಕರ್ತವ್ಯ.